ಬಾಲ ಮುರಿದ ಗಿಳಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನರಸಿಂಹ ದೇವರ ಗುಡಿಯ ಹಿಂದಿನ ಓಣಿಯಲ್ಲಿ, ದ್ಯಾಮಮ್ಮ ಅಂತ ಒಬ್ಬಳಿದ್ದಳು. ಅಕ್ಕಸಾಲಿಗರ ಮನೆಯ ಸೊಸೆ. ಅವಳ ಗಂಡ ಮೌನಾಚಾರಿ ಬದುಕಿದ್ದಾನೋ ಇಲ್ಲವೋ ಊರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಊರು ತನಗೆ ಅನುಕೂಲವಾದ ಒಂದು ಉತ್ತರ ಹಿಡಿದುಕೊಂಡು ಸುಮ್ಮನಾಯಿತು. ಅವಳು ಮಾತ್ರ ಸುಮ್ಮನಾಗಲಿಲ್ಲ. ಕೈಗೆ ಸಿಕ್ಕ ಹಳೇ ಬೆಳ್ಳಿಯನ್ನೆಲ್ಲ ಮಗುಚಿ ಮಗುಚಿ, ಅದರ ತಳದಲ್ಲಿ ಒಂದು ಗಿಳಿಯನ್ನು ಹುಡುಕುತ್ತ ಕೂತಳು.

ಆ ಗಿಳಿ ಅವರ ಮನೆತನದ ಮುದ್ರೆ. ಬೆರಳುದ್ದದ ಉಕ್ಕಿನ ಠಸ್ಸೆ, ಅದರ ತುದಿಯಲ್ಲಿ ಎಳ್ಳುಕಾಳಿಗಿಂತ ಚೂರು ದೊಡ್ಡದಾದ ಗಿಳಿ. ಬೆಳ್ಳಿಯ ಕೆಲಸ ಮುಗಿದ ಮೇಲೆ ಆ ಠಸ್ಸೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಗಿಳಿ ಕೂರುತ್ತಿತ್ತು. ಮುಚ್ಚಳವಿರುವ ಸಾಮಾನಾದರೆ ತಳಕ್ಕೊಂದು, ಮುಚ್ಚಳಕ್ಕೊಂದು. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರು ಮಾಡಿದರೋ ಅವರೇ ಮುದ್ರೆ ಒತ್ತಬೇಕು. ಠಸ್ಸೆ ಹಿಡಿದವನ ಉಸಿರಿರುವ ತನಕ ಅದನ್ನು ಹೆತ್ತ ಮಗನೂ ಮುಟ್ಟುವ ಹಾಗಿಲ್ಲ. ಉಸಿರು ನಿಂತ ಮೇಲೆ ಇನ್ನೊಬ್ಬರ ಕೈಗೆ ಹೋಗುತ್ತದೆ.

ದ್ಯಾಮಮ್ಮನ ಮಾವ ಸಾಯುವಾಗ ದೊಡ್ಡ ಮಗ ಪುಟ್ಟಣ್ಣನನ್ನು ಬಿಟ್ಟು ಕಿರಿಯವನ ಕೈಗೆ ಠಸ್ಸೆ ಹಾಕಿದ್ದ. ಕಿರಿಯವನ ಕೈ ಚೆನ್ನಾಗಿತ್ತು. ಎಡಗೈ, ಆದರೂ ಚೆನ್ನಾಗಿತ್ತು. ಪುಟ್ಟಣ್ಣ ಅವತ್ತು ಎದ್ದುಹೋಗಿ ನದಿಯಲ್ಲಿ ಕೈಕಾಲು ತೊಳೆದು ಬಂದು ಕೂತ, ಅಷ್ಟೇ.

ಅಂಟುವಾಳದ ನೊರೆಯಲ್ಲಿ ಬೆಳ್ಳಿ ತೊಳೆದು ಮೆರುಗು ಕೊಡುವ ಕೆಲಸ ಮನೆಯ ಹೆಂಗಸರದು. ಹಾಗೆ ತೊಳೆಯುತ್ತ ತೊಳೆಯುತ್ತ ದ್ಯಾಮಮ್ಮ ಗಿಳಿಗಳನ್ನು ಓದುವುದು ಕಲಿತಳು. ಗಂಡನ ಅಜ್ಜನ ಕಾಲದ ತಂಬಿಗೆಯಲ್ಲಿ ಗಿಳಿಗೆ ಎರಡೂ ಕಾಲು, ರೆಕ್ಕೆಯ ಗೀರುಗಳೆಲ್ಲ ಚೊಕ್ಕ. ಮಾವನ ಕಾಲಕ್ಕೆ ಠಸ್ಸೆ ಸವೆದು ಒಂದು ಕಾಲು ಅಳಿಸಿಹೋಗಿತ್ತು. ಗಂಡನ ಗಿಳಿಯನ್ನಂತೂ ಅವಳು ಎಲ್ಲಿದ್ದರೂ ಹಿಡಿಯುತ್ತಿದ್ದಳು. ಬಲಗೈಯವರು ಒತ್ತಿದರೆ ಗಿಳಿ ತಲೆಯೆತ್ತಿ ಆಕಾಶ ನೋಡುತ್ತದೆ. ಮೌನಾಚಾರಿ ಎಡಗೈಯಲ್ಲಿ ಓರೆಯಾಗಿ ಹೊಡೆಯುತ್ತಿದ್ದ, ಅವನ ಗಿಳಿ ಕಾಳು ಹೆಕ್ಕುವ ಹಾಗೆ ಕೊಕ್ಕು ಕೆಳಗೆ ಮಾಡುತ್ತಿತ್ತು. ಹೊಸದಾಗಿ ಮದುವೆಯಾದಾಗ ಅವಳೇ ಕೀಟಲೆ ಮಾಡಿದ್ದಳು, ನಿಮ್ಮಪ್ಪ ಸಾಕಿದ ಗಿಳಿಗೆ ನೀವು ಹೊಟ್ಟೆಗೇ ಹಾಕಲ್ವೇನೋ ಅಂತ.

ಆಮೇಲೆ ಅರವತ್ಮೂರನೇ ಇಸವಿಯಲ್ಲಿ ಚಿನ್ನದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಒಡವೆ ಮಾಡಬಾರದು ಅಂದರು. ಅಂಥ ಮಾಸಲು ಚಿನ್ನದ ತಾಳಿ ಯಾರಿಗೆ ಬೇಕು? ಓಣಿಯ ಒಲೆಗಳು ಒಂದೊಂದಾಗಿ ತಣ್ಣಗಾದವು. ಬೆಳ್ಳಿಗೆ ಅಡ್ಡಿಯಿರಲಿಲ್ಲ ನಿಜ, ಆದರೆ ಚಿನ್ನ ಬಿಟ್ಟವರೆಲ್ಲ ಬೆಳ್ಳಿಗೆ ಮುಗಿಬಿದ್ದರೆ ಇರುವ ನಾಲ್ಕು ಕಾಲುಂಗುರಕ್ಕೆ ನಲವತ್ತು ಕೈ. ಮೌನಾಚಾರಿ ಊರಿನ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿಣದ ಚೂರು ಹೊರುವ ಕೂಲಿಗೆ ಹೋದ. ಕೂದಲೆಳೆಯಂಥ ಬೆಳ್ಳಿ ತಂತಿ ಎಳೆಯುತ್ತಿದ್ದ ಬೆರಳುಗಳು ಬೊಬ್ಬೆ ಬಂದು ಒಡೆದವು.

ಒಂದು ಸಂಜೆ ಬಂದವನು ಊಟಕ್ಕೆ ಕೂರದೆ ಸೊಂಟದಿಂದ ಠಸ್ಸೆ ತೆಗೆದು ಅವಳ ಮುಂದೆ ಹಿಡಿದ. ಗಿಳಿಯ ಬಾಲ ಮುರಿದಿತ್ತು.

"ಉಕ್ಕಿನ ಮೇಲೆ ಕೂರ್ಸಕ್ಕೆ ಹೋದೆ ಕಣೆ," ಅಂದ. "ಕೂರಲಿಲ್ಲ."

ಯಾಕೆ ಹೋದಿರಿ ಅಂತ ಅವಳು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕಬ್ಬಿಣದ ರಾಶಿಯ ನಡುವೆ ಕೂತು ತನ್ನ ಮನೆಯ ಗಿಳಿಯನ್ನು ಉಕ್ಕಿಗೆ ಬಡಿದ ಗಂಡಸಿನ ಮನಸ್ಸು ಅವಳಿಗೆ ಹೇಳದೆಯೂ ತಿಳಿಯಿತು. ಮಾರನೆಯ ದಿನ ಬೆಳಿಗ್ಗೆ, ಬೆಳ್ಳಿ ಕೆಲಸ ಇರುವ ಊರು ಹುಡುಕಿ ಹೋಗುತ್ತೇನೆ, ನೆಲೆಯಾದ ಮೇಲೆ ಹೇಳಿಕಳಿಸುತ್ತೇನೆ ಅಂತ ಠಸ್ಸೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ.

ಹೇಳಿಕಳಿಸಲಿಲ್ಲ. ಅವನು ಹೋದ ವಾರದಲ್ಲೇ ಶಿವಮೊಗ್ಗದ ಬಳಿಯ ಗಾಜನೂರಿನ ಅಣೆಕಟ್ಟೆಯ ಬಾಗಿಲಿಗೆ ಒಂದು ಹೆಣ ತಾಗಿ ನಿಂತಿತು. ಸುದ್ದಿ ಭದ್ರಾವತಿಗೆ ಬಂದು, ಪುಟ್ಟಣ್ಣ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೂತು ಆಗಿತ್ತು. ಮೈ ಹೀಗಿತ್ತು, ಎತ್ತರ ಹೀಗಿತ್ತು ಅಂತ ಅಲ್ಲಿಯವರು ಹೇಳಿದ್ದನ್ನು ಕೇಳಿಕೊಂಡು ಬಂದು, ನನ್ನ ತಮ್ಮನೇ ಅಂದುಬಿಟ್ಟ. ಆ ವರ್ಷ ಎಷ್ಟೋ ಅಕ್ಕಸಾಲಿಗರು ಹೊಳೆ ಬಾವಿ ನೋಡಿಕೊಂಡಿದ್ದರು, ಜನ ನಂಬುವುದಕ್ಕೆ ತಡವಾಗಲಿಲ್ಲ. ದ್ಯಾಮಮ್ಮ ನಂಬಲಿಲ್ಲ. ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ.

ಅಲ್ಲಿಂದ ಪ್ರತಿವರ್ಷ ಮಹಾಲಯ ಅಮಾವಾಸ್ಯೆ ಬಂದರೆ ಆ ಮನೆಯಲ್ಲಿ ಬೆಂಕಿ. ತೀರಿಹೋದ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವ ದಿನ ಅದು. ತಮ್ಮನಿಗೂ ಒಂದು ಎಲೆ ಹಾಕಬೇಕು, ಇಲ್ಲದಿದ್ದರೆ ಅವನು ಹಸಿದು ಬಾಗಿಲಲ್ಲಿ ನಿಂತಿರುತ್ತಾನೆ ಅಂತ ಪುಟ್ಟಣ್ಣ. ಬದುಕಿರುವ ಮನುಷ್ಯನಿಗೆ ಎಡೆ ಇಟ್ಟು ಕೊಲ್ಲುತ್ತೀರಾ ಅಂತ ಅವಳು, ಬಾಗಿಲ ಮರೆಯಲ್ಲಿ ನಿಂತು. ಪಕ್ಕದ ಮನೆಯ ಹುಲಿಗೆಮ್ಮ ನೀರಿಗೆ ಬಂದಾಗೆಲ್ಲ ಚುಚ್ಚುತ್ತಿದ್ದಳು: "ಮುತ್ತೈದೆ ಬಂದ್ಲು, ದಾರಿ ಬಿಡ್ರೇ. ಗಂಡ ಗಾಜನೂರಲ್ಲಿ ಮಲಗಿದ್ರೂ ಬಳೆ ಸದ್ದು ಓಣಿಗೆಲ್ಲ ಕೇಳ್ಬೇಕು."

ಕಡೆಗೆ ಅಕ್ಕಸಾಲಿಗರ ಕುಲದೇವತೆ ಕಾಳಮ್ಮನ ಗುಡಿಯ ಹಿರಿಯರು ಸೇರಿದರು. ದ್ಯಾಮಮ್ಮ ಅವರಿಗೆ ಠಸ್ಸೆಯ ಬಾಲ ಮುರಿದ ಕಥೆ ಹೇಳಿದಳು. ಮುರಿದದ್ದು ಮನೆ ಬಿಡುವ ಹಿಂದಿನ ದಿನ, ಬಾಲ ಮುರಿದ ಗಿಳಿಯಿರುವ ಒಂದೇ ಒಂದು ಬೆಳ್ಳಿ ಸಾಮಾನು ಎಲ್ಲಿಂದಲಾದರೂ ಬಂದರೆ ಅವರು ಹೋಗಿ ಕೆಲಸ ಮಾಡಿದ್ದಾರೆ, ಉಸಿರಾಡಿದ್ದಾರೆ ಅಂತ ತಾನೇ, ಅಂದಳು. ಹಿರಿಯರು ತಲೆದೂಗಿ, ಮುಂದಿನ ಮಹಾಲಯದ ತನಕ ನೋಡೋಣ, ಸಿಕ್ಕದಿದ್ದರೆ ಎಲೆ ಹಾಕುವುದು, ಬಳೆ ತೆಗೆಯುವುದು ಅಂತ ತೀರ್ಮಾನ ಮಾಡಿ ಎದ್ದರು.

ಇನ್ನೆಲ್ಲಿ ಹುಡುಕುವುದು? ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೇ ಬೆಳ್ಳಿ ಕೊಳ್ಳುವ ಫಕ್ರುದ್ದೀನ್ ಸಾಬರ ಅಂಗಡಿಯಿತ್ತು. ಹಾವೇರಿ, ರಾಣೆಬೆನ್ನೂರು, ಸಾಗರ, ಎಲ್ಲ ಕಡೆಯ ಮುರುಕು ಬೆಳ್ಳಿ ಅಲ್ಲಿ ಬಂದು ಬೀಳುತ್ತಿತ್ತು. ಕರಗಿಸಬೇಕಾದದ್ದು ಯಾವುದು, ಹಳೆಯ ಕಾಲದ್ದೆಂದು ಎತ್ತಿಡಬೇಕಾದದ್ದು ಯಾವುದು ಅಂತ ಸಾಬರಿಗೆ ಗೊತ್ತಾಗುತ್ತಿರಲಿಲ್ಲ. ದ್ಯಾಮಮ್ಮ ಅವರ ಅಂಗಡಿಗೆ ತೊಳೆಯುವ ಕೆಲಸಕ್ಕೆ ಸೇರಿದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಹುಣಿಸೆಹುಳಿ ಹಚ್ಚಿ ಉಜ್ಜಿ, ತಳ ಮಗುಚಿ, ಇದು ಶಂಖದ ಮುದ್ರೆ, ಸಾಗರದ ಕಡೆಯದು. ಇದರಲ್ಲಿರುವ ಎಲೆಯ ಮುದ್ರೆ ತೀರ ಚೊಕ್ಕ, ಠಸ್ಸೆ ಹೊಸದಿದ್ದಾಗಿನದು, ನೂರು ವರ್ಷದ ಸಾಮಾನು, ಕರಗಿಸಬೇಡಿ ಅಂತ ಹೇಳುತ್ತಿದ್ದಳು. ಒಮ್ಮೆ ರಂಗೂನಿನಿಂದ ಓಡಿಬಂದವರ ಮನೆಯ ಬಟ್ಟಲು ಬಂತು, ತಳದಲ್ಲಿ ಓಡುವ ಮೊಲ. ಇದು ಯಾರ ಮನೆಯದೋ ತಾಯಿ, ನೀರು ದಾಟಿ ಬಂದಿದೆ ಅಂತ ಅದನ್ನು ಎರಡು ಸಲ ತೊಳೆದಿಟ್ಟಳು.

"ಅಕ್ಕ, ಮೊದ್ಲು ಚಾ ಕುಡಿ," ಅನ್ನುತ್ತಿದ್ದರು ಸಾಬರು. "ಬೆಳ್ಳಿ ಎಲ್ಲೂ ಓಡಿಹೋಗಲ್ಲ."

"ಓಡಿಹೋಗಿದ್ದು ಬೆಳ್ಳಿ ಅಲ್ಲ ಬಿಡಿ ಸಾಬ್ರೆ," ಅನ್ನುತ್ತಿದ್ದಳು ಅವಳು.

ಮಳೆಗಾಲ ಕಳೆಯಿತು. ಗಣಪತಿ ಹಬ್ಬ ಕಳೆಯಿತು. ಗಿಳಿ ಬರಲಿಲ್ಲ. ಅವಳ ಬೆರಳ ತುದಿಗಳು ಹುಳಿಗೆ ಬಿರಿದು, ಅನ್ನ ಕಲಸಿದರೆ ಉಪ್ಪು ಉರಿಯುತ್ತಿತ್ತು. ಪಿತೃಪಕ್ಷ ಹುಟ್ಟಿದ ಮೇಲೆ ಅವಳಿಗೆ ಒಂದು ಚಾಳಿ ಬಂತು. ತೊಳೆದ ಸಾಮಾನನ್ನೇ ಮತ್ತೆ ತೊಳೆಯುವುದು, ನೋಡಿದ ತಳವನ್ನೇ ಮತ್ತೆ ನೋಡುವುದು. ಸಾಬರು ನೋಡಿಯೂ ನೋಡದ ಹಾಗೆ ಅತ್ತ ತಿರುಗುತ್ತಿದ್ದರು.

ಅಮಾವಾಸ್ಯೆಗೆ ಇನ್ನೆರಡೇ ದಿನ ಉಳಿದಿತ್ತು. ರಾಣೆಬೆನ್ನೂರಿನ ಸಂತೆಯಿಂದ ಬಂದ ಗಂಟಿನಲ್ಲಿ ಒಂದು ಕರಡಿಗೆ ಇತ್ತು. ಲಿಂಗಾಯತರು ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ, ಕಪ್ಪಿಟ್ಟು ಮುಚ್ಚಳ ಕಚ್ಚಿಕೊಂಡಿತ್ತು. ಬಿಡಿಸಿ, ತಳಕ್ಕೆ ಹುಳಿ ಹಚ್ಚಿ ಉಜ್ಜಿದಳು. ಗಿಳಿ ಕಂಡಿತು. ಒಂದೇ ಕಾಲು. ಕೊಕ್ಕು ಕೆಳಗೆ. ಬಾಲ ಇಲ್ಲ.

ಅವಳು ಕರಡಿಗೆಯ ತಳವನ್ನು ಕೆನ್ನೆಗೆ ಒತ್ತಿಕೊಂಡು ಕೂತುಬಿಟ್ಟಳು, ಹುಳಿಯ ನೀರು ಕತ್ತಿನ ತನಕ ಇಳಿಯಿತು. ಸಾಬರು ಓಡಿಬಂದು ನೋಡಿ, ಅಂಗಡಿಯ ಒಂದು ಹಲಗೆ ಮುಚ್ಚಿ, ಬೀದಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಂಡರು. "ತಗೊಂಡು ಹೋಗಕ್ಕ. ಹಿರೀರಿಗೆ ತೋರ್ಸು. ವಾಪಸ್ಸು ತರೋ ಯೋಚ್ನೆ ಮಾಡ್ಬೇಡ," ಅಂದರು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಂತೋಷಕ್ಕೆ ಕೈ ಸುಮ್ಮನಿರಲಿಲ್ಲ. ಮುಚ್ಚಳವೊಂದು ಯಾಕೆ ಕಪ್ಪಗಿರಬೇಕು ಅಂತ ಸೆರಗಿನ ತುದಿಗೆ ಉಗುಳು ಹಚ್ಚಿ ಉಜ್ಜತೊಡಗಿದಳು. ಅಲ್ಲೂ ಗಿಳಿ ಎದ್ದಿತು. ಬಾಲ ಮುರಿದದ್ದೇ, ಅದೇ ಠಸ್ಸೆ. ಆದರೆ ಆ ಗಿಳಿ ತಲೆಯೆತ್ತಿ ಆಕಾಶ ನೋಡುತ್ತಿತ್ತು.

ಮುಚ್ಚಳವನ್ನು ತಿರುಗಿಸಿದಳು. ಅಂಚಿನ ಹೂಬಳ್ಳಿ ನೋಡಿದಳು. ತಳದ ಬಳ್ಳಿ ಎಡಕ್ಕೆ ಹರಿದಿತ್ತು, ಮುಚ್ಚಳದ ಬಳ್ಳಿ ಬಲಕ್ಕೆ. ಎಡಗೈಗೆ ಏಟಾಗಿರಬಹುದು, ಬಲಗೈಯಲ್ಲಿ ಮಾಡಿರಬಹುದು ಅಂದುಕೊಂಡಳು. ಬಲಗೈಯಲ್ಲಿ ಅವನು ಸುತ್ತಿಗೆಯನ್ನೇ ನೆಟ್ಟಗೆ ಹಿಡಿಯುತ್ತಿರಲಿಲ್ಲ. ತಳ ಮುಗಿಸಿ ತಾನೇ ಗಿಳಿ ಒತ್ತಿದ್ದಾನೆ. ಮುಚ್ಚಳ ಮಾಡಲಿಕ್ಕೆ ಅವನಿರಲಿಲ್ಲ. ಠಸ್ಸೆ ಬೇರೆಯವರ ಕೈಗೆ ಹೋಗಿದೆ, ಉಸಿರಿದ್ದರೆ ಹೋಗುತ್ತಿರಲಿಲ್ಲ.

"ಯಾಕಮ್ಮ, ವಾಕರಿಕೆ ಬರ್ತಾ ಇದ್ಯಾ?" ಅಂತ ಪಕ್ಕದಲ್ಲಿದ್ದ ಮುದುಕಿ ಮಡಿಲಿಂದ ನಿಂಬೆಹಣ್ಣು ತೆಗೆದುಕೊಟ್ಟಳು. ದ್ಯಾಮಮ್ಮ ಅದನ್ನು ಮೂಸುತ್ತ ಕೂತಳು. ಕಾರ್ಖಾನೆಯ ಹೊಗೆ ಕಂಡಿತು, ಹೊಳೆ ಕಂಡಿತು, ಊರು ಬಂತು.

ಮಾರನೆಯ ದಿನ ಜಗುಲಿಯ ಮೇಲೆ ಹಿರಿಯರು ಕೂತರು. ಹುಲಿಗೆಮ್ಮ ಕೂಡ ತನ್ನ ಬಾಗಿಲಿಗೆ ಬಂದು ನಿಂತಳು. ದ್ಯಾಮಮ್ಮ ತಳ ಮಾತ್ರ ಕೊಟ್ಟಳು. ಮುಚ್ಚಳ ಅವಳ ಮಡಿಲಲ್ಲಿತ್ತು. ಹಿರಿಯರು ಬಾಲ ಮುರಿದ ಗಿಳಿಯನ್ನು ಕೈಯಿಂದ ಕೈಗೆ ದಾಟಿಸಿ, ನಿಜ ಕಣಪ್ಪ, ಇದು ಮೌನಂದೇ ಅಂದರು. ಕೊನೆಗೆ ಪುಟ್ಟಣ್ಣನ ಕೈಗೆ ಬಂತು. ಅವನೂ ಅಕ್ಕಸಾಲಿಗನೇ ಅಲ್ಲವೇ.

"ಮುಚ್ಚಳ ಎಲ್ಲಮ್ಮ?" ಅಂದ.

ಕೊಡದೆ ವಿಧಿಯಿರಲಿಲ್ಲ. ಪುಟ್ಟಣ್ಣ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಒಮ್ಮೆ ತಳ, ಒಮ್ಮೆ ಮುಚ್ಚಳ. ದ್ಯಾಮಮ್ಮ ನೆಲ ನೋಡುತ್ತ ನಿಂತಳು, ಮುಗಿಯಿತು ಅಂದುಕೊಂಡಳು.

"ನನ್ನ ತಮ್ಮಂದೇ," ಅಂದ ಪುಟ್ಟಣ್ಣ. "ಎರಡೂ ಅವನ ಕೈಯೇ. ಇದಾನೆ ಎಲ್ಲೋ."

ಹಿರಿಯರು ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡು ಗುಡಿಯ ಕಡೆ ನಡೆದರು. ಹುಲಿಗೆಮ್ಮ ಒಳಗೆ ಹೋದಳು. ಪುಟ್ಟಣ್ಣ ಮಾತ್ರ ಏಳಲಿಲ್ಲ. ಅಷ್ಟು ವರ್ಷ ಭಾವನ ಎದುರಿಗೆ ಬಂದು ಮಾತಾಡದ ದ್ಯಾಮಮ್ಮ ಅವತ್ತು ಬಾಗಿಲ ಮರೆ ಬಿಟ್ಟು ಮುಂದೆ ಬಂದಳು.

"ಯಾಕೆ ಹಂಗಂದ್ರಿ ಭಾವ? ನಿಮಗೆ ಗೊತ್ತಾಗಲಿಲ್ವಾ?"

ಪುಟ್ಟಣ್ಣ ಕರಡಿಗೆಯನ್ನು ನೋಡುತ್ತಲೇ ಹೇಳಿದ. "ಸತ್ತ ಸತ್ತ ಅಂತ ಇಷ್ಟು ವರ್ಷ ನಾನು ಬಾಯ್ಬಿಟ್ಟು ಹೇಳಿದ್ದು ಯಾವ ಧೈರ್ಯದ ಮೇಲೆ ಅಂದ್ಕೊಂಡೆ? ಇಲ್ಲ ಅಂತ ಹೇಳಕ್ಕೆ ನೀನಿದ್ಯಲ್ಲ ಅಂತ, ತಾಯಿ."

ಆಮೇಲೆ ಎದ್ದು ಒಳಗೆ ಹೋಗಿ, ಎಷ್ಟೋ ಕಾಲದಿಂದ ತಣ್ಣಗಿದ್ದ ಒಲೆಗೆ ಇದ್ದಿಲು ಹಾಕಿದ. ಊದುಗೊಳವೆ ಹುಡುಕಿ ತಂದ. ಮುಚ್ಚಳ ಕರಗಿಸಿಬಿಡುತ್ತೇನೆ, ತಳ ಇಟ್ಟುಕೋ, ಆಮೇಲೆ ಯಾರು ಕೇಳುತ್ತಾರೆ ಅಂದ. ಮುಚ್ಚಳವನ್ನು ಮೂಸೆಯೊಳಗಿಟ್ಟ. ಊದತೊಡಗಿದ.

ದ್ಯಾಮಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಇದ್ದಿಲು ಕೆಂಪಗಾಗುತ್ತ ಬಂತು. ಅದು ಕರಗಿದರೆ ಕುಂಕುಮ ಉಳಿಯುತ್ತದೆ, ಬಳೆ ಉಳಿಯುತ್ತವೆ. ಗಂಡ ಎಲ್ಲೋ ಇದ್ದಾನೆ ಅಂತ ಬದುಕು ಸವೆಸಬಹುದು. ಆದರೆ ಆ ಮುಚ್ಚಳವನ್ನು ಮಾಡಿದ ಕೈ ಯಾರದೋ? ಅವನು ಠಸ್ಸೆಯನ್ನು ನಂಬಿ ಕೊಟ್ಟ ಕೈ. ಕೊನೆಗೆ ಬಾಯಿಗೆ ನೀರು ಬಿಟ್ಟದ್ದೂ ಅದೇ ಕೈಯೇನೋ. ಮತ್ತೆ ನಾಳೆ ಅಮಾವಾಸ್ಯೆ. ಎಲ್ಲರ ಹಿರಿಯರೂ ಬಂದು ಎಲೆಯ ಮುಂದೆ ಕೂರುವಾಗ ಇವನೊಬ್ಬ ಬೆಳ್ಳಿ ಕೆಲಸದ ದಣಿವಿನಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೋದ ವರ್ಷವೂ ನಿಂತಿರಬೇಕು. ಅವಳೇ ಎಲೆ ಹಾಕಗೊಟ್ಟಿರಲಿಲ್ಲ.

ಇಕ್ಕಳ ತಗೊಂಡು ಮೂಸೆಯಿಂದ ಮುಚ್ಚಳವನ್ನು ಎತ್ತಿದಳು. ಗಿಳಿ ಹಾಗೇ ಇತ್ತು.

"ಹಸ್ದಿರ್ತಾರೆ ಭಾವ," ಅಂದಳು. "ಹಿರೀರು ಇನ್ನೂ ಗುಡಿ ಹತ್ರಾನೇ ಇರ್ತಾರೆ. ಕರ್ಕೊಂಡು ಬನ್ನಿ."

ಪುಟ್ಟಣ್ಣ ಊದುಗೊಳವೆ ಕೆಳಗಿಟ್ಟು, ಬಾಯಿಗೆ ಟವಲು ಒತ್ತಿಕೊಂಡು ಹೊರಗೆ ಹೋದ. ಮುಚ್ಚಳ ಆರಿದ ಮೇಲೆ ದ್ಯಾಮಮ್ಮ ಅದನ್ನು ತಳದ ಮೇಲಿಟ್ಟು ಒತ್ತಿದಳು. ಸಂದು ಕಾಣದ ಹಾಗೆ ಕೂತಿತು. ಯಾರೇ ಮಾಡಿರಲಿ, ಅವನಿಂದ ಚೆನ್ನಾಗಿ ಕಲಿತಿದ್ದರು.

ಮಾರನೆಯ ದಿನ ಆ ಮನೆಯಲ್ಲಿ ಒಂದು ಎಲೆ ಹೆಚ್ಚಾಯಿತು. ಬಡಿಸಿದ್ದು ಅವಳೇ, ಬಳೆಯಿಲ್ಲದ ಬರಿಗೈಯಲ್ಲಿ.