ನೀರೇ ಇಲ್ಲ ಎಂದ ಮೂಗು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಒಂದು ಸೆಂಟಿನ ಕಂಪನಿಯಲ್ಲಿ ಮೂಗಿನ ಕೆಲಸ ಮಾಡುತ್ತಾರೆ. ಹೀಗೆಂದರೆ ಕೇಳಿದವರು ನಗುತ್ತಾರೆ. ಭಾವ ನಗುವುದಿಲ್ಲ. ಉಳಿದವರ ಮೂಗು ಇರುವುದು ಉಸಿರಾಡುವುದಕ್ಕೆ ಮತ್ತು ಕನ್ನಡಕ ನಿಲ್ಲಿಸುವುದಕ್ಕೆ, ವಾಸನೆ ತಿಳಿಯುವ ಮೂಗೇ ಬೇರೆ ಎಂಬುದು ಅವರ ಸಿದ್ಧಾಂತ. ಕಂಪನಿಯವರು ಬೆನ್ನ ಹಿಂದೆ ಅವರಿಗೆ ಮೂಗುರಾಯರು ಎಂದು ಹೆಸರಿಟ್ಟರು. ಭಾವ ಅದನ್ನು ಎದುರಿಗೇ ಕರೆಸಿಕೊಂಡು ಬಿರುದು ಮಾಡಿಕೊಂಡರು.

ಹೊಸ ಸೆಂಟು ಬಂದ ದಿನ ಅಕ್ಕನ ಮನೆಯಲ್ಲಿ ಈರುಳ್ಳಿ ಬಂದ್. ಅಕ್ಕ ಪೌಡರ್ ಹಚ್ಚುವಂತಿಲ್ಲ, ನಾನು ಹೋದರೆ ಬಾಗಿಲಲ್ಲೇ ಕೈ ತೊಳೆಯಬೇಕು. ಉಳಿದ ಕಂಪನಿಗಳಲ್ಲಿ ಕಾಗದದ ಪಟ್ಟಿ ಅದ್ದಿ ಮೂಸಿ ಮುಗಿಸುತ್ತಾರಂತೆ. ಭಾವನಿಗೆ ಅದು ಸೇರದು. "ಕಾಗದಕ್ಕೆ ಬೆವರು ಬರುತ್ತಾ? ಕಾಗದ ಬಸ್ಸು ಹತ್ತುತ್ತಾ?" ಮುಂಗೈಯ ಒಳಮೈಗೆ ಒಂದು ಹನಿ. ತಿಕ್ಕಬಾರದು, ತಿಕ್ಕಿದರೆ ಹೂವು ಸಾಯುತ್ತದೆ. ಹಾಗೇ ದಿನವೆಲ್ಲ ತೊಟ್ಟು ತಿರುಗಬೇಕು. ಮರುದಿನ ಬೆಳಿಗ್ಗೆ ಕಂಪನಿಯಲ್ಲಿ ಎಲ್ಲರೂ ತಮ್ಮ ಅಭಿಪ್ರಾಯ ಹೇಳಿ ಮುಗಿಸಿದ ಮೇಲೆ ಭಾವ ಚಾವಣಿ ನೋಡುತ್ತಾ ತೀರ್ಪು ಕೊಡುತ್ತಿದ್ದರು.

ಒಬ್ಬನ ಮಾತು ಉಳಿದವರೆಲ್ಲರ ಮಾತಿಗೆ ಉಲ್ಟಾ ಬಂದರೆ, ಅವನು ಕಣ್ಣು ಮುಚ್ಚಿ ಮೂರು ಪಟ್ಟಿ ಮೂಸಬೇಕು. ಎರಡು ಖಾಲಿ, ಒಂದರಲ್ಲಿ ವಾಸನೆ. ಯಾವುದೆಂದು ಹೇಳಬೇಕು. ಕಂಪನಿಯ ಜಮಾಖರ್ಚು ನೋಡುವ, ಎಲ್ಲದಕ್ಕೂ ಮೂಗು ತೂರಿಸುವ ಲೆಕ್ಕದವರ ಬಾಯಿ ಮುಚ್ಚಿಸಲು ಈ ನಿಯಮ ಮಾಡಿದ್ದು ಭಾವನೇ.

ಈ ಸಲದ್ದು ಗಂಡಸರ ಸೆಂಟು. ಮಿಶ್ರಣ ಮಾಡುವ ಮೇಡಂ ಹೇಳಿದ್ದಿಷ್ಟು: ಮೊದಲು ನಿಂಬೆಸಿಪ್ಪೆ, ಆಮೇಲೆ ತಣ್ಣನೆಯ ನೀರಿನ ವಾಸನೆ, ನೀರಿನ ಮೇಲೆ ಮಲ್ಲಿಗೆ. ಭಾವ ಬೆಳಿಗ್ಗೆ ಹಚ್ಚಿಕೊಂಡರು. ನಿಂಬೆ ಬಂತು, ಹೋಯಿತು. ಮಲ್ಲಿಗೆ ಬಂತು. ನಡುವೆ ಏನೂ ಇಲ್ಲ. ಕತ್ತಲಲ್ಲಿ ಮೆಟ್ಟಿಲಿದೆ ಎಂದು ಕಾಲಿಟ್ಟರೆ ಮೆಟ್ಟಿಲೇ ಇಲ್ಲದಂತೆ.

ತಪ್ಪು ಸೆಂಟಿನದೇ ಎಂದು ಅವರಿಗೆ ಅನುಮಾನವೇ ಇರಲಿಲ್ಲ. ಇನ್ನೊಂದು ಹನಿ ಹಾಕಿಕೊಂಡರು. ಮಧ್ಯಾಹ್ನ ಕುತ್ತಿಗೆಗೆ, ಸಂಜೆ ಅಂಗಿಗೆ. ಬಸ್ಸಿನಲ್ಲಿ ಪಕ್ಕದವನು ಮೊದಲು ಕಿಟಕಿ ತೆಗೆದ, ಆಮೇಲೆ ಎದ್ದೇ ಹೋದ. ವಯಸ್ಸಿಗೆ ಮರ್ಯಾದೆ ಕೊಟ್ಟು ಜಾಗ ಬಿಟ್ಟ ಎಂದುಕೊಂಡು ಭಾವ ಕಾಲು ಚಾಚಿ ಕೂತರು.

ಆ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ ಬಾಗಿಲು ತೆಗೆದವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಏನ್ರೀ ಇದು, ಬಾವಿಗೆ ಬಿದ್ದು ಎದ್ದು ಬಂದ್ರಾ?"

"ನೀರಿನ ವಾಸನೆ ಬರ್ತಿದ್ಯಾ?"

"ಬರ್ತಿದ್ಯಾ ಅಂತ ಬೇರೆ ಕೇಳ್ತೀರಲ್ಲ! ವರ್ಷಗಟ್ಲೆ ಮುಚ್ಚಿಟ್ಟ ಬಾವಿ ಮುಚ್ಚಳ ತೆಗೆದ ಹಾಗಿದೆ. ಒಳಗೆ ಯಾರೋ ಹೂವು ಹಾಕಿದಾರೆ." ನಗುನಗುತ್ತಲೇ ಅಂದಳು. ಅಷ್ಟರಲ್ಲಿ ಗಂಡನ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಹೋಗಿ ಕಿಟಕಿ ತೆಗೆದಳು. ತೆಗೆದ ಮೇಲೂ ಈ ಕಡೆ ತಿರುಗಲಿಲ್ಲ.

ಇಬ್ಬರೂ ಯಾರನ್ನು ನೆನೆಯುತ್ತಿದ್ದಾರೆಂದು ನನಗೂ ಗೊತ್ತಿತ್ತು. ಭಾವನ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದ ಅವರು ತಲೆಯೆತ್ತಿ, "ಯಾಕೆ ಎಲ್ಲಾ ಓಡಿಬರ್ತಿದೀರಿ?" ಎಂದರು. ಅದನ್ನೇ ಹೇಳಿಕೊಂಡು ಮನೆಮಂದಿ ಬಹಳ ಕಾಲ ನಕ್ಕರು. ಆಮೇಲೆ ಅವರ ಬಲಗೈ ನಡುಗತೊಡಗಿತು. ಈ ನಡುಕದ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ಮೊದಲು ಹೋಗುವುದು ವಾಸನೆಯೇ, ಕೈಯ ಸರದಿ ಎಷ್ಟೋ ವರ್ಷದ ಮೇಲೆ ಎಂದು ಡಾಕ್ಟರು ಆಗ ಹೇಳಿದರು. ಆ ಕೈ ಮೊದಲು ಗಡಿಯಾರದ ಚಿಮಟ ಬಿಟ್ಟಿತು, ಬಟನ್ನು ಬಿಟ್ಟಿತು, ಚಮಚವೂ ಬಿಟ್ಟಿತು. ಕೊನೆಕೊನೆಗೆ ಊಟ ಮಾಡಿಸುತ್ತಿದ್ದವರು ಭಾವನೇ.

"ನಿಮಗೆ ಶೀತ ಆಗಿರ್ಬೇಕು," ಎಂದಳು ಅಕ್ಕ, ಕಿಟಕಿಯ ಆಚೆ ನೋಡುತ್ತಾ.

"ಶೀತ ಇಲ್ಲ ಕಣೇ."

"ಆಗತ್ತೆ ಬಿಡಿ."

ಗಂಡನಿಗೆ ಶೀತವಾಗಲಿ ಎಂದು ಇಷ್ಟು ಭಕ್ತಿಯಿಂದ ಬೇಡಿಕೊಂಡ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಬೆಳಗಾಗುವಷ್ಟರಲ್ಲಿ ಭಾವ ತಮಗೆ ತಾವೇ ಧೈರ್ಯ ಹೇಳಿಕೊಂಡಿದ್ದರು. ಹೆಂಡತಿಗೇನು ಗೊತ್ತು, ಅದು ಅಂಗಿಯ ಬೆವರು. ಕಂಪನಿಗೆ ಹೋಗಿ, ಉಳಿದವರು ಬಾಯಿ ಬಿಡುವ ಮೊದಲೇ ಚಾವಣಿ ನೋಡಿ ತೀರ್ಪು ಕೊಟ್ಟೇಬಿಟ್ಟರು: "ನಿಂಬೆ ಇದೆ, ಹೂವಿದೆ. ನೀರೇ ಇಲ್ಲ. ವಾಪಸ್."

ಮೇಡಂ ಎಲ್ಲರ ಮುಖ ನೋಡಿದರು. "ಸಾರ್, ನೀರು ಜಾಸ್ತಿ ಆಯ್ತೇನೋ ಅಂತ ನಾನು ಹೆದರ್ತಿದ್ದೆ."

ಕಂಪನಿಯ ಯಜಮಾನರು ನೀರಿದೆ ಎಂದರು. ಮಿಕ್ಕವರೂ ಇದೆ ಎಂದರು. ಲೆಕ್ಕದವರಿಗಂತೂ ಸ್ವರ್ಗ ಮೂರೇ ಗೇಣು. "ನಿಯಮ ಇದೆಯಲ್ಲ ರಾಯರೇ! ತಾವೇ ಮಾಡಿದ್ದು."

ಹೂವಿನ ಗುರುತು ಹಿಡಿದು ಹೇಳಬಾರದೆಂದು ಮೇಡಂ ನೀರಿನ ವಾಸನೆ ಕೊಡುವ ಸಾರವೊಂದನ್ನೇ ಪಟ್ಟಿಗೆ ಅದ್ದಿ ಒಣಗಿಸಿದರು. ಭಾವ ಕಣ್ಣು ಮುಚ್ಚಿದರು. ಮೊದಲನೆಯದು ಕಾಗದ. ಎರಡನೆಯದು ಕಾಗದ. ಮೂರನೆಯದೂ ಕಾಗದ.

"ಎರಡನೇದು," ಎಂದರು.

ಸರಿಯಾಗಿತ್ತು! ಮೇಡಂ ಚಪ್ಪಾಳೆ ತಟ್ಟಿದರು. ಯಜಮಾನರು ಹಗುರಾಗಿ ನಕ್ಕು, "ಏನ್ರೀ ರಾಯರೇ, ಬೆಳ್ಬೆಳಿಗ್ಗೇನೇ ತಮಾಷೆನಾ?" ಎಂದರು. ಹೂಂ, ತಮಾಷೆ, ನೀರಿದೆ, ಸ್ವಲ್ಪ ಕಮ್ಮಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿರುದೂ ಉಳಿಯುತ್ತಿತ್ತು. ಜೀವಮಾನವಿಡೀ ಒಂದು ತಪ್ಪನ್ನೂ ಒಪ್ಪದ ಮನುಷ್ಯ ಕಣ್ಣು ತೆರೆಯದೆ ಕೂತೇ ಇದ್ದರು.

"ಇನ್ನೊಂದ್ಸಲ ಕೊಡಿ."

"ಯಾಕೆ, ಸರಿ ಇತ್ತಲ್ಲ?"

"ಸರಿ ಇತ್ತು. ನನಗೆ ಗೊತ್ತಿರ್ಲಿಲ್ಲ."

ಆ ಸಲ ತಪ್ಪಿತು. ಮತ್ತೊಮ್ಮೆ ಕೊಟ್ಟರು, ಆಗಲೂ ತಪ್ಪಿತು. ಇಂಥದೊಂದು ದಿನಕ್ಕಾಗಿ ಎಷ್ಟೋ ವರ್ಷದಿಂದ ಕಾದಿದ್ದ ಲೆಕ್ಕದವರು ಎದ್ದು ಹೋಗಿ ಕುಡಿಯಲು ನೀರು ತಂದುಕೊಟ್ಟರು. "ಫ್ಯಾನ್ ಕೆಳಗೆ ಕೂತಿದ್ರಿ ರಾಯರೇ, ಅದಕ್ಕೇ," ಎಂದರು ಮೆತ್ತಗೆ.

"ಆ ಲೆಕ್ಕದವನು ಅಣಕಿಸಿದ್ರೆ ಚೆನ್ನಾಗಿತ್ತು ಕಣಯ್ಯಾ," ಎಂದರು ಭಾವ ಆಮೇಲೆ ನನ್ನ ಹತ್ತಿರ. "ಮರ್ಯಾದೆ ಕೊಟ್ಟ ನೋಡು, ಆಗ ಕೈಕಾಲು ತಣ್ಣಗಾಯ್ತು."

ಆ ವಾರವೇ ಭಾವ, ಅಕ್ಕ, ನಾನು ಮೂವರೂ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಚಿಕ್ಕ ಪ್ರಾಯದವರು. ಮೂಗಿಗೆ ದೀಪ ಹಿಡಿದು ಇಣುಕಿದರು. ಒಳಗೆಲ್ಲ ಚೊಕ್ಕವಾಗಿದೆ ಎಂದರು. ಕೆಲವರಿಗೆ ಒಂದೊಂದು ವಾಸನೆ ಹುಟ್ಟಿನಿಂದಲೇ ತಿಳಿಯುವುದಿಲ್ಲ, ಇದು ಅದೂ ಇರಬಹುದು ಎಂದರು.

"ಅದೇ, ಅದೇ ಇರ್ಬೇಕು ಡಾಕ್ಟ್ರೇ!" ಅಕ್ಕ ಆ ಮಾತಿಗೆ ಜೋತುಬಿದ್ದಳು.

"ಇಲ್ಲ," ಎಂದರು ಭಾವ. "ಹೋದ ಬೇಸಿಗೇಲಿ ಬೇರೊಂದು ಸೆಂಟಲ್ಲಿ ಇದೇ ನೀರು ನನಗೆ ಗೊತ್ತಾಗಿತ್ತು. ತುಂಬಾ ಚೆನ್ನಾಗಿ ಗೊತ್ತಾಗಿತ್ತು."

ಡಾಕ್ಟರು ಮನೆಯಲ್ಲಿ ಯಾರಿಗೆ ಏನೇನಿತ್ತು ಎಂದು ಕೇಳಿದರು. ಭಾವ ತಂದೆಯ ವಿಷಯ ಹೇಳಿದರು. ಡಾಕ್ಟರು ಒಂದು ಬಿಳಿಹಾಳೆ, ಪೆನ್ನು ಮುಂದಿಟ್ಟರು.

"ಒಂದೆರಡು ಸಾಲು ಬರೀರಿ. ಏನಾದ್ರೂ ಪರವಾಗಿಲ್ಲ."

"ಮೂಗಿಗೂ ಬರೆಯೋದಕ್ಕೂ ಏನು ಸಂಬಂಧ?"

"ಬರೀರಿ, ನೋಡೋಣ."

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ಚುಚ್ಚುತ್ತಿತ್ತು. "ಮಾವನ ಹತ್ರಾನೂ ಹೀಗೇ ಬರೆಸಿದ್ರು ಕಣೋ," ಎಂದು ಪಿಸುಗುಟ್ಟಿದಳು. "ಶುರುನಲ್ಲಿ ಅಕ್ಷರ ಸರಿಯಾಗೇ ಇತ್ತು. ಸಾಲಿನ ಕೊನೇಲಿ ಇರುವೆಯಷ್ಟು ಸಣ್ಣ ಆಗಿತ್ತು."

ಭಾವ ಹಾಳೆ ನೇರ ಮಾಡಿಕೊಂಡು, ಕೆಮ್ಮಿ, ಚಾವಣಿ ನೋಡಿ, ಬರೆಯತೊಡಗಿದರು. ನಿಂಬೆ ಇದೆ. ಹೂವು ಇದೆ. ನೀರು ಇದೆ ಎಂದು ಎಲ್ಲರೂ ಹೇಳುತ್ತಾರೆ. ಅಂಗಡಿ ಬೋರ್ಡಿನಷ್ಟು ದಪ್ಪ ಅಕ್ಷರ, ಒಂದಕ್ಕಿಂತ ಒಂದು ದೊಡ್ಡದು. ಹಾಳೆ ಸಾಲದೆ ಹಿಂದಕ್ಕೂ ತಿರುಗಿಸಿದರು. ಮುಗಿಸಿ, ಬಿರುದು ಗೆದ್ದವರ ಹಾಗೆ ಡಾಕ್ಟರ ಮುಂದೆ ತಳ್ಳಿದರು.

ಡಾಕ್ಟರು ನೋಡಿದರು. ಪಕ್ಕಕ್ಕಿಟ್ಟು ಇನ್ನೊಂದು ಹಾಳೆ ತೆಗೆದರು.

"ಹೀಗಲ್ಲ ಸಾರ್," ಎಂದರು, ಲೆಕ್ಕದವರಷ್ಟೇ ಮೆತ್ತಗೆ. "ದಿನಾ ಬರೀತೀರಲ್ಲ, ಹಾಗೆ ಬರೀರಿ."