ಮಲ್ಲವ್ವನ ದನಿಯಿದ್ದ ಸ್ಪೂಲ್

೧೯೬೩ರಲ್ಲಿ ನಾನು ಆಗಿನ ಬಿಜಾಪುರದಲ್ಲಿ, ಆಡುಮಾತಿನ ಸಮೀಕ್ಷೆ ನಡೆಸುತ್ತಿದ್ದ ಕಚೇರಿಯೊಂದರಲ್ಲಿ ಧ್ವನಿಮುದ್ರಣ ಸಹಾಯಕನಾಗಿದ್ದೆ. ಸೊಲ್ಲಾಪುರ ರಸ್ತೆಯ ಎರಡು ಬಾಡಿಗೆ ಕೋಣೆಗಳೇ ಕಚೇರಿ. ಊರೂರಿಗೆ ಹೋಗಿ ಜನರ ಮಾತನ್ನು ಬ್ಯಾಟರಿ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದು ತರುವುದು ನನ್ನ ಕೆಲಸ. ಆ ಮಾತಿನಿಂದ ಕ್ರಿಯಾಪದಗಳನ್ನು ಹೆಕ್ಕಿ, ಸಂಕೇತಗಳಾಗಿಸಿ, ಪಂಚ್ ಕಾರ್ಡುಗಳಿಗೆ ಇಳಿಸುತ್ತಿದ್ದರು. ದಪ್ಪ ಕಾಗದದಲ್ಲಿ ಕೊರೆದ ತೂತುಗಳೇ ಅಲ್ಲಿ ಮಾಹಿತಿ. ಕಾರ್ಡು ಅಗ್ಗ. ಟೇಪು ಸುತ್ತಿದ ಸ್ಪೂಲ್ ಮಾತ್ರ ಹೊರದೇಶದಿಂದ ಬರಬೇಕಿತ್ತು. ಒಂದರ ಬೆಲೆ ನನ್ನ ವಾರದ ಸಂಬಳವನ್ನು ಮೀರುತ್ತಿತ್ತು.

ಆ ಬೇಸಿಗೆಯಲ್ಲಿ ಬಬಲೇಶ್ವರದ ಸೂಲಗಿತ್ತಿ ಮಲ್ಲವ್ವನ ಮಾತು ಮುದ್ರಿಸಿದೆ. ಅಡ್ಡ ತಿರುಗಿದ ಕೂಸನ್ನು ಹೇಗೆ ಸರಿಪಡಿಸುತ್ತಾಳೆ, ಹೆದರಿದ ಹುಡುಗಿಯರನ್ನು ಹೇಗೆ ನಗಿಸುತ್ತಾಳೆ ಎಂದು ಆಕೆ ಹೇಳುತ್ತ ಹೋದಳು. ಸ್ಪೂಲ್ ಮುಗಿಯುವವರೆಗೂ ನಿಲ್ಲಲಿಲ್ಲ.

ಮಳೆಗಾಲದ ಹೊತ್ತಿಗೆ ಸ್ಪೂಲ್ ಬರುವುದು ನಿಂತಿತು.

"ಫಾರಿನ್ ಎಕ್ಸ್‌ಚೇಂಜ್ ಇಲ್ಲಂತ್ರಿ," ಎಂದರು ನಮ್ಮ ಮುಖ್ಯಸ್ಥರು. "ಕಾರ್ಡಿಗೆ ಇಳಿಸಿದ್ದು ಆಗೈತಲ್ಲ, ಅವೇ ಸ್ಪೂಲ್ ಮತ್ತ ಬಳಸ್ರಿ."

"ಮಲ್ಲವ್ವಂದು ಒಂದರ ಇರ್ಲಿ ಸರ್."

"ಅಕಿದು ಇಟ್ರ ಎಲ್ಲಾರದೂ ಇಡಬೇಕಾಕ್ಕೈತಿ. ಕೆಲಸ ನಿಂದರತೈತಿ."

ಅವರು ಕಟುಕರಲ್ಲ. ಮಲ್ಲವ್ವನ ಸ್ಪೂಲನ್ನು ನಾನೇ ಯಂತ್ರಕ್ಕೆ ಹಚ್ಚಿದೆ. ಆ ಸ್ಪೂಲಿನ ಮೇಲೆ ತಿಕೋಟಾದ ದನದ ವ್ಯಾಪಾರಿಯೊಬ್ಬನ ಮಾತು ಬಂತು.

ಮರುವರ್ಷ ಮಲ್ಲವ್ವನ ಮಗಳು ಶಾಂತವ್ವ ಗಂಡನೊಂದಿಗೆ ಕಚೇರಿಗೆ ಬಂದಳು.

"ಅವ್ವ ಹೋಗ್ಯಾಳ್ರಿ. ನಾ ಬರೂದ್ರಾಗ ಮಣ್ಣ ಆಗಿತ್ತು. ಅಕಿ ಮಾತು ನಿಮ್ಮ ಮಷೀನ್ದಾಗ ಐತಂತ. ಒಮ್ಮಿ ಕೇಳಸ್ರಿ."

ಇದ್ದದ್ದನ್ನು ಹೇಳಿದೆ. ಅಳಿಸುವುದೆಂದರೇನು ಎಂದು ಆಕೆಗೆ ತಿಳಿಯಲಿಲ್ಲ. "ಹಂಗಾರ ಅವ್ವನ ಮಾತಿನ ಮ್ಯಾಲ ಈಗ ಯಾರ ಮಾತು ಐತ್ರಿ?" ಎಂದಳು. ಸ್ಪೂಲ್ ಹಚ್ಚಿದೆ. ವ್ಯಾಪಾರಿ ಎತ್ತಿನ ಹಲ್ಲು, ಸುಳಿಗಳ ಬಗ್ಗೆ ಹೇಳಿದ್ದನ್ನೆಲ್ಲ ಆಕೆ ಕದಲದೆ ಕೇಳಿದಳು. ಅವನ ಮಾತು ಮುಗಿದು, ನಾನು ನಿಲ್ಲಿಸಲು ಕೈ ಚಾಚಿದಾಗ ಮಲ್ಲವ್ವ ಮಾತಾಡಿದಳು:

"ಆತಲ್ರಿ? ಬಂದ್ ಮಾಡ್ರಿ ಇನ್ನ. ಎಮ್ಮಿ ಒದರಾಕತ್ತೈತಿ."

ಹೊಸ ಮಾತು ಓಡಿದಷ್ಟು ದೂರ ಮಾತ್ರ ಟೇಪಿನಲ್ಲಿ ಹಳೆಯದು ಅಳಿಯುತ್ತದೆ. ವ್ಯಾಪಾರಿಯ ಮಾತು ಸ್ಪೂಲಿನ ಕೊನೆಗಿಂತ ತುಸು ಮೊದಲೇ ಮುಗಿದಿತ್ತು.

ಶಾಂತವ್ವ ನಕ್ಕಳು. "ಆ ಎಮ್ಮಿ ಈಗ ನಮ್ಮನ್ಯಾಗ ಐತ್ರಿ," ಎನ್ನುತ್ತಲೇ ಸೆರಗು ಬಾಯಿಗೊತ್ತಿಕೊಂಡಳು. ಬಸ್ಸಿನ ಹೊತ್ತಾಗುವವರೆಗೂ ಅದನ್ನೇ ಮತ್ತೆ ಮತ್ತೆ ಕೇಳಿಸಿದೆ. ಹೊರಡುವಾಗ, "ಇಷ್ಟರ ಉಳಸ್ರಿ ಸಾಹೇಬ್ರ," ಎಂದಳು. ಬಾಗಿಲಲ್ಲಿ ನಿಂತು ಕೇಳಿದ್ದ ಮುಖ್ಯಸ್ಥರು ತಾವೇ ಡಬ್ಬಿಯ ಮೇಲೆ 'ಬಳಸಬಾರದು' ಎಂದು ಬರೆದರು.

ಪ್ರತಿ ಮಾಡಲು ಇನ್ನೊಂದು ಯಂತ್ರ ಬೇಕಿತ್ತು, ಇರಲಿಲ್ಲ. ನನಗೆ ವರ್ಗವಾಯಿತು, ಮುಂದೆ ಕಚೇರಿಯೂ ಮುಚ್ಚಿತು. ವಿಚಾರಿಸಲು ಹೋದಾಗ ಸ್ಪೂಲುಗಳು ಎಲ್ಲಿಗೆ ಹೋದವೆಂದು ಹೇಳುವವರಿರಲಿಲ್ಲ. ಮಲ್ಲವ್ವನ ಕ್ರಿಯಾಪದಗಳಿದ್ದ ಕಾರ್ಡುಗಳು ಮಾತ್ರ ಬೇರೊಂದು ಊರಿನ ಕಪಾಟಿನಲ್ಲಿ ಸುರಕ್ಷಿತವಾಗಿದ್ದವು.

ಈಗ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ನಮ್ಮ ಇಡೀ ಸಮೀಕ್ಷೆ ಹಿಡಿಸಿ ಜಾಗ ಮಿಗುತ್ತದೆ, ಬೆಲೆಯೂ ಹೆಚ್ಚೇನಲ್ಲ. ಆದರೆ ಅಂದು ಕೊರತೆಯಾದದ್ದು ಸ್ಪೂಲ್ ಒಂದೇ ಅಲ್ಲ. ಮಾತು ಯಾರದೋ ಅವರನ್ನು ಕೇಳದೆ ಅಳಿಸಬಾರದು ಎಂಬುದನ್ನು ಆ ಕೆಲಸ ನನಗೆ ತಡವಾಗಿ ಕಲಿಸಿತು. ಸ್ಪೂಲ್ ಅಳಿಸಿದ ದಿನ ಮಲ್ಲವ್ವ ಬದುಕಿದ್ದಳು. ಬಬಲೇಶ್ವರ ದೂರವೇನೂ ಇರಲಿಲ್ಲ.