ಟೆಂಟಿನ ಹೊರಗೆ ಕೂತ ಕೆಂಪತ್ತೆ

ಜಯಾ, ನಿನ್ನ ಮಂಡಿನೋವು ಹೇಗಿದೆ? ಶಿವಣ್ಣನ ಕೆಮ್ಮು ನಿಂತಿತಾ?

ನಿನ್ನೆ ಮಾಲ್‌ನಲ್ಲಿ ಸಿನಿಮಾಕ್ಕೆ ಹೋದರೆ, ಬಾಗಿಲಲ್ಲೇ ನನ್ನ ಚಕ್ಕುಲಿ ಕಿತ್ತಿಟ್ಟುಕೊಂಡರು. ಒಳಗೆ ಅವರ ಪಾಪ್‌ಕಾರ್ನೇ ಕೊಳ್ಳಬೇಕಂತೆ. ಇವತ್ತು ಮನೆಯಲ್ಲಿ ಅವರೆಕಾಯಿ ಬೇಯುವ ವಾಸನೆಗೆ ನಮ್ಮ ಕೆಂಪತ್ತೆ ನೆನಪಾದಳು.

ಆಗ ಚನ್ನಪಟ್ಟಣದ ಟೆಂಟ್ ಸಿನಿಮಾಕ್ಕೆ ಹೆಂಗಸರು ಬೇಯಿಸಿದ ಅವರೆಕಾಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ತನ್ನ ಕಡಲೆಕಾಯಿ ಮಾರಬೇಕೆಂದು ಟೆಂಟಿನ ಯಜಮಾನ ಅದನ್ನು ತಡೆದ. ಅತ್ತೆ ಎಲ್ಲರನ್ನೂ ಹೊರಗೇ ಕೂರಿಸಿದಳು; ಒಳಗೆ ಕೂರಲು ಹಾಸಿದ ಮರಳಷ್ಟೇ ಉಳಿಯಿತು. ಮಾತು, ಹಾಡು ಎಲ್ಲ ಅಲ್ಲಿಗೂ ಕೇಳುತ್ತಿತ್ತು.

"ಬಿಟ್ಟಿ ಕೇಳ್ತಾ ಕೂತಿದ್ದೀರಲ್ರಮ್ಮಾ!" ಎಂದು ಯಜಮಾನ ಓಡಿ ಬಂದ.

"ಕಿವಿಗೂ ಟಿಕೀಟ್ ಹರೀತೀಯೇನಪ್ಪಾ? ಹೋಗು, ಒಳಗಿರೋ ಮರಳಿಗೆ ಕಡ್ಲೆಕಾಯ್ ಮಾರ್ಕೋ!" ಎಂದಳು ಅತ್ತೆ.

ವಾರದೊಳಗೆ ಅವನೇ ಬಂದು ಅವರೆಕಾಯಿ ಸಮೇತ ಒಳಗೆ ಕರೆದ. ಅತ್ತೆ ಅವನೆದುರೇ ಸಿಪ್ಪೆ ಉಗಿದು ಒಳಗೆ ಹೋದಳು.

ಈ ಮಾಲಿನವರನ್ನೂ ನಾನು ಬಿಡುವುದಿಲ್ಲ. ಹಬ್ಬದ ವಾರ ಅವರ ಕುರ್ಚಿಗಳು ಖಾಲಿ ಹೊಡೆಯಬೇಕು. ನಿಮ್ಮ ಮನೆಯಲ್ಲಿ ಯಾರ್ಯಾರು ಸಿನಿಮಾಕ್ಕೆ ಹೋಗದೆ ನನ್ನ ಜೊತೆ ನಿಲ್ಲುತ್ತೀರಿ, ಬೇಗ ಬರೆ.